ಗೋಡೆಯ ತೇವಕ್ಕೆ ಸಿಮೆಂಟು ಮದ್ದಲ್ಲ

ಸಂಪಾದಕರಿಗೆ,

ಮಾನ್ಯರೇ,

ಹಳೆಯ ಮನೆಗಳ ತೇವದ ಬಗ್ಗೆ ನಿಮ್ಮ ಪತ್ರಿಕೆಯ ಮನೆ ಕಟ್ಟುವವರ ಪುಟದಲ್ಲಿ ಬಂದ ಸಲಹೆಗೆ ಈ ಪತ್ರ. ಬುಡದಿಂದ ತೇವ ಏರಿದ ಗೋಡೆಯ ಸಡಿಲ ಗಾರೆ ಕೆತ್ತಿ ತೆಗೆದು, ವಾಟರ್‌ಪ್ರೂಫ್ ದ್ರಾವಣ ಬೆರೆಸಿದ ಸಿಮೆಂಟಿನಲ್ಲಿ ಹೊಸ ಗಾರೆ ಮಾಡಿಸಿ, ಪುಟ್ಟಿ ಎಳೆಸಿ, ಎಮಲ್ಷನ್ ಬಳಿಸಿ ಎಂದು ಅಲ್ಲಿ ಹೇಳಿದೆ. ಹೊಸ ಕಾಂಕ್ರೀಟು ಮನೆಯ ಬಚ್ಚಲಿಗಾದರೆ ಒಪ್ಪೋಣ. ಮೈಸೂರಿನ ಅಗ್ರಹಾರ, ಲಕ್ಷ್ಮೀಪುರಂ, ಚಾಮರಾಜಪುರಂ, ದೇವರಾಜ ಮೊಹಲ್ಲಾಗಳಲ್ಲಿ ಇನ್ನೂ ನಿಂತಿರುವ ಇಟ್ಟಿಗೆ, ಮಣ್ಣುಗಾರೆ, ಸುಣ್ಣದ ಗೋಡೆಗಳಿಗೆ ಇದೇ ಮದ್ದು ಮಾಡಿದರೆ ಮೊಣಕಾಲಿನ ಮಟ್ಟದಲ್ಲಿದ್ದ ತೇವ ಸೊಂಟಕ್ಕೇರುತ್ತದೆ. ಆಗ ಎಲ್ಲರೂ ಮೇಸ್ತ್ರಿಯನ್ನು ಬಯ್ಯುತ್ತಾರೆ. ಕೆಲಸ ಎಷ್ಟೇ ಚೊಕ್ಕವಾಗಿದ್ದರೂ ಹಾಗೆಯೇ ಆಗುತ್ತಿತ್ತು. ಇದು ನೀರಿನ ಬಾಗಿದ ಮೈಯ ಒಳಗೂ ಹೊರಗೂ ಇರುವ ಒತ್ತಡದ ಲೆಕ್ಕ. ಆ ಲೆಕ್ಕ ತಿಳಿದರೆ ಯಾವ ಕೆಲಸಕ್ಕೆ ದುಡ್ಡು ಹಾಕಬೇಕು, ಯಾವುದಕ್ಕೆ ಹಾಕಬಾರದು ಎಂಬುದು ತಾನಾಗಿ ತಿಳಿಯುತ್ತದೆ. ಸ್ವಲ್ಪ ಉದ್ದವಾದರೂ ಪೂರ್ತಿ ಅಚ್ಚು ಮಾಡಬೇಕೆಂದು ಕೋರುತ್ತೇವೆ.

ನೀರಿನ ಮೈ ಎಳೆದು ಕಟ್ಟಿದ ತಮಟೆಯ ತೊಗಲಿನ ಹಾಗೆ ಬಿಗಿಯಾಗಿರುತ್ತದೆ. ಇದೇ ಮೇಲ್ಮೈ ಎಳೆತ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶುದ್ಧ ನೀರಿಗೆ ಇದು ಪ್ರತಿ ಮೀಟರ್ ಅಂಚಿಗೆ 0.0728 ನ್ಯೂಟನ್. (ತಮಟೆಯ ಹೋಲಿಕೆ ಒಂದು ಹಂತದವರೆಗೆ ಮಾತ್ರ. ತೊಗಲನ್ನು ಎಳೆದಷ್ಟೂ ಬಿಗಿ ಹೆಚ್ಚುತ್ತದೆ, ನೀರಿನ ಮೈಯನ್ನು ಎಷ್ಟು ಹಿಗ್ಗಿಸಿದರೂ ಬಿಗಿ ಅಷ್ಟೇ ಇರುತ್ತದೆ.) ಮೈ ಸಪಾಟಾಗಿದ್ದರೆ ಮೇಲೂ ಕೆಳಗೂ ಒತ್ತಡ ಸಮ. ಬಾಗಿದರೆ ಸಮ ಇರುವುದಿಲ್ಲ. ಬಾಗಿನ ಒಳಮಗ್ಗುಲಲ್ಲಿ, ಅಂದರೆ ಬಟ್ಟಲಿನ ಹೊಟ್ಟೆಯ ಕಡೆ, ಒತ್ತಡ ಯಾವಾಗಲೂ ಹೆಚ್ಚು. ಎಷ್ಟು ಹೆಚ್ಚು? ಹನಿಗಾದರೆ ಮೇಲ್ಮೈ ಎಳೆತದ ಎರಡರಷ್ಟನ್ನು ತ್ರಿಜ್ಯದಿಂದ ಭಾಗಿಸಿದಷ್ಟು. ಸೋಪಿನ ಗುಳ್ಳೆಗೆ ಒಳಮೈ ಹೊರಮೈ ಎಂದು ಎರಡು ಮೈ ಇರುವುದರಿಂದ ನಾಲ್ಕರಷ್ಟು. ಇಂಗ್ಲೆಂಡಿನ ಥಾಮಸ್ ಯಂಗ್ 1805ರಲ್ಲಿ ಇದನ್ನು ಮಾತಿನಲ್ಲಿ ವಿವರಿಸಿದ, ಫ್ರಾನ್ಸಿನ ಲಾಪ್ಲಾಸ್ 1806ರಲ್ಲಿ ಗಣಿತದಲ್ಲಿ ಬರೆದ. ತ್ರಿಜ್ಯ ಭಾಗಾಕಾರದ ಕೆಳಗೆ ಕೂತಿದೆ ಎಂಬುದೊಂದನ್ನು ನೆನಪಿಟ್ಟರೆ ಸಾಕು. ಸಣ್ಣದಾದಷ್ಟೂ ಒತ್ತಡದ ವ್ಯತ್ಯಾಸ ದೊಡ್ಡದು.

ಇದು ನಂಬಲು ಕಷ್ಟ ಎನಿಸಿದರೆ ಮನೆಯಲ್ಲೇ ನೋಡಬಹುದು. ಮೆಡಿಕಲ್ ಶಾಪಿನಲ್ಲಿ ಡ್ರಿಪ್ ಹಾಕಲು ಬಳಸುವ ತ್ರೀ-ವೇ ಸ್ಟಾಪ್‌ಕಾಕ್ (ಮೂರು ಬಾಯಿಯ ಪುಟ್ಟ ನಲ್ಲಿ) ಒಂದು, 50 ಮಿ.ಲೀ. ಸಿರಿಂಜು ಒಂದು ತನ್ನಿ. ಸ್ಟಾಪ್‌ಕಾಕಿನ ಒಂದು ಬಾಯಿಗೆ ಸಿರಿಂಜು, ಉಳಿದ ಎರಡಕ್ಕೆ ಒಳ ಅಗಲ ಐದಾರು ಮಿ.ಮೀ. ಇರುವ, ನಾಲ್ಕು ಸೆಂ.ಮೀ. ಉದ್ದದ ಪ್ಲಾಸ್ಟಿಕ್ ಕೊಳವೆ ತುಂಡುಗಳನ್ನು ಗಾಳಿ ಸೋರದಂತೆ ಸಿಕ್ಕಿಸಿ. 100 ಮಿ.ಲೀ. ನೀರಿಗೆ ಪಾತ್ರೆ ತೊಳೆಯುವ ದ್ರವ 5 ಮಿ.ಲೀ., ಗ್ಲಿಸರಿನ್ 10 ಮಿ.ಲೀ. ಬೆರೆಸಿ ಕಾಲು ಗಂಟೆ ಬಿಡಿ. ಕಾವೇರಿ ನಲ್ಲಿ ನೀರು ಸಾಕು, ಬೋರ್‌ವೆಲ್ಲಿನ ಗಡುಸು ನೀರಾದರೆ ಗುಳ್ಳೆ ಬೇಗ ಒಡೆಯುತ್ತದೆ. ಎರಡೂ ಕೊಳವೆಯ ತುದಿ ಅದ್ದಿ, ಹಿಡಿಯನ್ನು ತಿರುಗಿಸಿ ಒಂದು ಕೊಳವೆ ಮುಚ್ಚಿ, ಇನ್ನೊಂದರಲ್ಲಿ ನಿಂಬೆಹಣ್ಣಿನ ಗಾತ್ರದ ಗುಳ್ಳೆ ಊದಿ. ಈಗ ಅದನ್ನು ಮುಚ್ಚಿ ಮೊದಲನೆಯದರಲ್ಲಿ ದೊಡ್ಡ ದ್ರಾಕ್ಷಿಯಷ್ಟು ಗುಳ್ಳೆ ಊದಿ. ಕೊನೆಗೆ ಸಿರಿಂಜಿನ ಕಡೆ ಮುಚ್ಚಿದರೆ ಎರಡು ಗುಳ್ಳೆಗಳಿಗೂ ಒಳಗಿಂದೊಳಗೆ ದಾರಿ ತೆರೆಯುತ್ತದೆ.

ಎರಡೂ ಸಮ ಆಗುತ್ತವೆ ಎಂದೇ ಎಲ್ಲರೂ ಪಣ ಕಟ್ಟುವುದು. ಆಗುವುದು ತಿರುಗಾಮುರುಗ. ಸಣ್ಣದು ಕುಗ್ಗುತ್ತಾ ತನ್ನ ಗಾಳಿಯನ್ನೆಲ್ಲ ದೊಡ್ಡದಕ್ಕೆ ಊಡುತ್ತದೆ, ದೊಡ್ಡದು ಇನ್ನೂ ದಪ್ಪವಾಗುತ್ತದೆ. ಸೋಪುನೀರಿನ ಮೇಲ್ಮೈ ಎಳೆತ ಮೀಟರಿಗೆ ಸುಮಾರು 0.025 ನ್ಯೂಟನ್ ಎಂದಿಟ್ಟುಕೊಂಡರೆ, 2 ಸೆಂ.ಮೀ. ತ್ರಿಜ್ಯದ ಗುಳ್ಳೆಯೊಳಗೆ ಹೆಚ್ಚುವರಿ ಒತ್ತಡ 5 ಪ್ಯಾಸ್ಕಲ್ (ಒತ್ತಡದ ಅಳತೆ), 1 ಸೆಂ.ಮೀ. ಗುಳ್ಳೆಯೊಳಗೆ 10. ಕೂದಲೆಳೆಯಷ್ಟು ವ್ಯತ್ಯಾಸ. ಗಾಳಿ ಹರಿಯಲು ಅಷ್ಟು ಸಾಕು. ಸಣ್ಣ ಗುಳ್ಳೆ ಪೂರ್ತಿ ಮಾಯವಾಗುವುದಿಲ್ಲ ಎಂಬುದನ್ನೂ ಗಮನಿಸಿ: ಕೊಳವೆಯ ಬಾಯಿಗೆ ಚಪ್ಪಟೆ ಮುಚ್ಚಳದಂತೆ ನಿಲ್ಲುತ್ತದೆ, ಆ ಮುಚ್ಚಳದ ಬಾಗು ದೊಡ್ಡ ಗುಳ್ಳೆಯ ಬಾಗಿಗೆ ಸರಿಸಮ. ಒತ್ತಡ ಸಮವಾಯಿತು, ಹರಿವು ನಿಂತಿತು. ಪ್ರಯೋಗ ಕೆಡುವುದು ಸಾಮಾನ್ಯವಾಗಿ ಎರಡೇ ಕಾರಣಕ್ಕೆ. ಕೊಳವೆಯ ತುದಿ ಒಣಗಿದ್ದರೆ ಗುಳ್ಳೆ ಊದುವಾಗಲೇ ಒಡೆಯುತ್ತದೆ. ಕೊಳವೆಯೊಳಗೆ ಹನಿಯೊಂದು ಅಡ್ಡ ಕೂತಿದ್ದರೆ ಗಾಳಿ ಹಾಯುವುದೇ ಇಲ್ಲ, ಅಷ್ಟು ಸಣ್ಣ ಒತ್ತಡಕ್ಕೆ ಆ ಹನಿ ಜರುಗದು. ಕೊಡವಿ ಮತ್ತೆ ಶುರು ಮಾಡಿ.

ಇನ್ನು ಗೋಡೆಗೆ ಬರೋಣ. ಇಟ್ಟಿಗೆ, ಗಾರೆಗಳೊಳಗೆ ಕಣ್ಣಿಗೆ ಕಾಣದ ರಂಧ್ರಗಳ ಜಾಲ ಇದೆ. ನೀರಿಗೆ ಇಟ್ಟಿಗೆಯ ಸಂಗ ಇಷ್ಟ. ರಂಧ್ರದ ಗೋಡೆಗೆ ಅಂಟಿಕೊಂಡು ಏರುವುದರಿಂದ ನೀರಿನ ಮೈ ನಡುವೆ ತಗ್ಗಾಗಿ ಬಟ್ಟಲಿನಂತಾಗುತ್ತದೆ. ಬಟ್ಟಲಿನ ಹೊಟ್ಟೆ ಈಗ ಗಾಳಿಯ ಕಡೆ. ಅಂದರೆ ಒತ್ತಡ ಗಾಳಿಯಲ್ಲಿ ಹೆಚ್ಚು, ನೀರಿನಲ್ಲಿ ಕಡಿಮೆ. ಬುನಾದಿಯ ತೇವದ ಮಣ್ಣಿನಲ್ಲಿರುವ ನೀರಿಗೆ ಗಾಳಿಯ ಒತ್ತಡ ಇದ್ದೇ ಇದೆ, ಮೇಲೆ ರಂಧ್ರದ ನೀರಿನಲ್ಲಿ ಒತ್ತಡ ಕಡಿಮೆ ಇದೆ. ಅಲ್ಲಿಗೆ ಗೋಡೆ ನೀರನ್ನು ಸೇದತೊಡಗಿತು. ಗುಳ್ಳೆಯಲ್ಲಿ ಸಣ್ಣದು ದೊಡ್ಡದಕ್ಕೆ ಊದಿತು, ಇಲ್ಲಿ ಸಣ್ಣ ರಂಧ್ರ ದೊಡ್ಡದರಿಂದ ಎಳೆಯುತ್ತದೆ. ಸೂತ್ರ ಒಂದೇ, ಬಾಗು ಯಾವ ಕಡೆಗೆ ಎಂಬುದಷ್ಟೇ ಬೇರೆ.

ಎಷ್ಟು ಎತ್ತರಕ್ಕೆ ಸೇದುತ್ತದೆ ಎಂಬುದಕ್ಕೆ ಬಾಯಿಲೆಕ್ಕ ಇದೆ. ನೀರು ಚೆನ್ನಾಗಿ ಅಂಟುವ ಕೊಳವೆಯಾದರೆ 15ನ್ನು ಮಿಲಿಮೀಟರಿನಲ್ಲಿ ಹೇಳಿದ ತ್ರಿಜ್ಯದಿಂದ ಭಾಗಿಸಿ, ಬಂದ ಉತ್ತರವೇ ಎತ್ತರ, ಅದೂ ಮಿಲಿಮೀಟರಿನಲ್ಲಿ. 1 ಮಿ.ಮೀ. ತ್ರಿಜ್ಯಕ್ಕೆ ಒಂದೂವರೆ ಸೆಂ.ಮೀ. 0.1 ಮಿ.ಮೀ.ಗೆ 15 ಸೆಂ.ಮೀ. 10 ಮೈಕ್ರಾನಿಗೆ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಒಂದೂವರೆ ಮೀಟರ್. ಇಟ್ಟಿಗೆಯಲ್ಲಿ ಹೇರಳವಾಗಿರುವ 1 ಮೈಕ್ರಾನಿನ ರಂಧ್ರಕ್ಕೆ 15 ಮೀಟರ್! ಕೊಳವೆ ಸಣ್ಣದಾದಷ್ಟೂ ನೀರು ಎತ್ತರ ಏರುತ್ತದೆ ಎಂಬ ಈ ನಿಯಮ 1718ರ ಜೇಮ್ಸ್ ಜ್ಯುರಿನ್‌ನದು. 1 ಮೈಕ್ರಾನ್ ರಂಧ್ರದಲ್ಲಿ ಒತ್ತಡದ ವ್ಯತ್ಯಾಸ ಸುಮಾರು 1,45,000 ಪ್ಯಾಸ್ಕಲ್. ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 770 ಮೀಟರ್ ಎತ್ತರದಲ್ಲಿರುವ ಮೈಸೂರಿನಲ್ಲಿ ಇಡೀ ವಾತಾವರಣದ ಒತ್ತಡವೇ ಸುಮಾರು 92,000 ಪ್ಯಾಸ್ಕಲ್. ಆಕಾಶದ ಗಾಳಿಯೆಲ್ಲ ಒಂದು ಕಡೆಯಿಂದ ಒತ್ತಿದರೂ ಆ ರಂಧ್ರದ ನೀರು ಜಾಗ ಬಿಡುವುದಿಲ್ಲ. ಗೋಡೆಯ ತೇವವನ್ನು ಯಾವುದೋ ಪದರದಿಂದ 'ತಡೆಹಿಡಿದು' ಕೆಳಗೆ ತಳ್ಳುತ್ತೇವೆ ಎನ್ನುವವರು ಯಾರೊಡನೆ ಕುಸ್ತಿಗೆ ಇಳಿದಿದ್ದಾರೆ ಎಂಬುದು ಇದರಿಂದ ತಿಳಿಯಬೇಕು.

ಹಾಗಾದರೆ ತೇವ ಐದನೇ ಅಂತಸ್ತಿಗೆ ಏಕೆ ಏರಿಲ್ಲ? ಗೋಡೆ ಕುಡಿದದ್ದನ್ನು ದಾರಿಯುದ್ದಕ್ಕೂ ಗಾಳಿಗೆ ಬಿಡುತ್ತಾ ಹೋಗುತ್ತದೆ. ಬುಡದಲ್ಲಿ ಸೇದಿದಷ್ಟು ನೀರು ಮೈಯಿಂದ ಆರಿಹೋಗುವ ಎತ್ತರದಲ್ಲಿ ತೇವದ ಗೆರೆ ನಿಲ್ಲುತ್ತದೆ. ಈ ಎತ್ತರ ಗೋಡೆಯ ದಪ್ಪದ ವರ್ಗಮೂಲಕ್ಕೆ ತಕ್ಕಂತೆ ಹೆಚ್ಚುತ್ತದೆ, ಆರುವ ವೇಗದ ವರ್ಗಮೂಲಕ್ಕೆ ತಕ್ಕಂತೆ ಇಳಿಯುತ್ತದೆ. ಆರುವಿಕೆಯನ್ನು ಕಾಲು ಭಾಗಕ್ಕೆ ಇಳಿಸಿದರೆ ತೇವದ ಎತ್ತರ ಇಮ್ಮಡಿ. ಅರ್ಧ ಮೀಟರಿನಲ್ಲಿ ನಿಂತಿದ್ದ ಗೆರೆ ಒಂದು ಮೀಟರಿಗೆ ಏರುತ್ತದೆ. ಸಿಮೆಂಟು ಗಾರೆ, ಪುಟ್ಟಿ, ಎಮಲ್ಷನ್ ಮೂರೂ ಸೇರಿ ಮಾಡುವುದು ಇದನ್ನೇ. ಕೆಳಗಿನ ಸೇದುಬಾಯಿ ಹಾಗೇ ತೆರೆದಿದೆ, ಮೇಲಿನ ಉಸಿರುಬಾಯಿಗೆ ಬಿರಡೆ ಬಿತ್ತು. ನೀರು ಗಾರೆ ಮುಗಿಯುವ ಎತ್ತರದವರೆಗೆ ಹುಡುಕಿಕೊಂಡು ಹೋಗಿ ಅಲ್ಲಿ ಹೊರಬರುತ್ತದೆ. ಮೂರಡಿ ಎತ್ತರಕ್ಕೆ ಸಿಮೆಂಟು ಪಟ್ಟಿ ಮೆತ್ತಿದ ಗೋಡೆಗಳಲ್ಲಿ ಆ ಪಟ್ಟಿಯ ನೆತ್ತಿಯ ಮೇಲೇ ಹೊಸದಾಗಿ ಬಣ್ಣ ಹಪ್ಪಳ ಏಳುವುದು ಇದಕ್ಕೇ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಸಿಮೆಂಟಿನ ರಂಧ್ರ ಇನ್ನೂ ಸಣ್ಣದಲ್ಲವೇ, ಸಣ್ಣದಾದಷ್ಟೂ ಎಳೆತ ಹೆಚ್ಚಾದರೆ ಅದೇ ಇಟ್ಟಿಗೆಯ ನೀರನ್ನು ಹೊರಕ್ಕೆ ಎಳೆದು ಒಣಗಿಸಬೇಕಲ್ಲ? ಎಳೆತ ಹೆಚ್ಚು ನಿಜ, ಆದರೆ ಹರಿವಿನ ಲೆಕ್ಕ ಬೇರೆ. ರಂಧ್ರ ಹತ್ತು ಪಟ್ಟು ಸಣ್ಣದಾದರೆ ಎಳೆತ ಹತ್ತು ಪಟ್ಟು ಏರುತ್ತದೆ, ನೀರಿಗೆ ದಾರಿ ಬಿಡುವ ಗುಣ ಮಾತ್ರ ನೂರು ಪಟ್ಟು ಇಳಿಯುತ್ತದೆ. ಸೆಳೆತ ಬಲವಾಗಿದೆ, ಗಂಟಲು ಹೊಲಿದಿದೆ. ಅದರ ಮೇಲೆ ವಾಟರ್‌ಪ್ರೂಫ್ ದ್ರಾವಣ ಬೆರೆಸಿದರೆ ನೀರು ಅಂಟುವುದೇ ಇಲ್ಲ. ಸುಣ್ಣದ ಗಾರೆಯ ಹದ ಇಟ್ಟಿಗೆ, ಸಿಮೆಂಟು ಇವೆರಡರ ನಡುವಿನದು: ಇಟ್ಟಿಗೆಯಿಂದ ನೀರು ಕಸಿಯುವಷ್ಟು ಸಣ್ಣ ರಂಧ್ರ, ಗಾಳಿಗೆ ಬಿಟ್ಟುಕೊಡುವಷ್ಟು ತೆರೆದ ದಾರಿ. ಒದ್ದೆ ಸ್ಪಂಜನ್ನು ಈ ಪತ್ರಿಕೆಯ ಹಾಳೆಯ ಮೇಲಿಟ್ಟು ನೋಡಿ, ಹಾಳೆ ನೀರನ್ನು ಎಳೆದುಕೊಳ್ಳುತ್ತದೆ. ಒದ್ದೆ ಹಾಳೆಯ ಮೇಲೆ ಒಣ ಸ್ಪಂಜಿಟ್ಟರೆ ಸ್ಪಂಜಿಗೆ ಏನೂ ದಕ್ಕುವುದಿಲ್ಲ. ಹಾಳೆಯ ನಾರಿನ ಸಂದು ಸಣ್ಣದು, ಸ್ಪಂಜಿನ ಕಣ್ಣು ದೊಡ್ಡದು.

ನೀರಿಗಿಂತ ಹೆಚ್ಚು ಹಾಳುಮಾಡುವುದು ಅದರ ಜೊತೆ ಬರುವ ಉಪ್ಪು. ನೆಲದ ನೀರಿನಲ್ಲಿ ಕ್ಲೋರೈಡು, ನೈಟ್ರೇಟು, ಸಲ್ಫೇಟು ಕರಗಿರುತ್ತವೆ. ನೀರು ಆರಿದರೆ ಉಪ್ಪು ಆರಿದ ಜಾಗದಲ್ಲೇ ಉಳಿಯುತ್ತದೆ. ಮೈಮೇಲೆ ಹರಳುಗಟ್ಟಿದರೆ ಬಿಳಿ ಬೂದಿಯಂತೆ ಕಾಣುತ್ತದೆ, ಪೊರಕೆಯಲ್ಲಿ ಗುಡಿಸಿದರೆ ಹೋಯಿತು. ಗಾರೆಯ ಹಿಂದೆ, ಇಟ್ಟಿಗೆಯೊಳಗೆ ಹರಳುಗಟ್ಟಿದರೆ ಬೆಳೆಯುವ ಹರಳು ರಂಧ್ರದ ಗೋಡೆಯನ್ನೇ ಒಡೆಯುತ್ತದೆ. ಸಿಮೆಂಟು ಗಾರೆ ಉದುರುವಾಗ ಹಲಗೆ ಹಲಗೆಯಾಗಿ ಬೀಳುವುದು, ಹಿಂದಿನ ಇಟ್ಟಿಗೆ ಬೆರಳಿಗೆ ಕೆಂಪು ಹಿಟ್ಟಾಗಿ ಹತ್ತುವುದು ಈ ಕಾರಣಕ್ಕೆ. ಮಳೆಗಾಲಕ್ಕಿಂತ ಫಾಲ್ಗುಣ, ಚೈತ್ರದ ಒಣ ಬಿಸಿಲಿನಲ್ಲಿ ಗೋಡೆ ಹೆಚ್ಚು ಉದುರುತ್ತದೆ, ನೋಡಿ. ಮಳೆಗಾಲದಲ್ಲಿ ಅದೇ ಉಪ್ಪು ಗಾಳಿಯ ತೇವ ಹೀರಿ ಗೋಡೆಯನ್ನು ಮತ್ತೆ ಒದ್ದೆ ಮಾಡುತ್ತದೆ, ಕೆಳಗಿನಿಂದ ಒಂದು ಹನಿ ಬಾರದಿದ್ದರೂ.

ಮಂಡ್ಯದ ಕಡೆಯ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ನೆಲದ ನೀರು ಮೇಲೆ ಬಂದ ಜಾಗಗಳಲ್ಲಿ ಗದ್ದೆ ಚೌಳಾಗುವುದು ಇದೇ ಯಂತ್ರದಿಂದ. ಅಲ್ಲಿ ಇಟ್ಟಿಗೆಯ ಬದಲು ಮಣ್ಣಿನ ಕಣಗಳ ಸಂದು. ಮರಳು ಮಣ್ಣಿನಲ್ಲಿ ನೀರು ಮೊಳದ ಲೆಕ್ಕದಲ್ಲಿ ಏರಿ ನಿಲ್ಲುತ್ತದೆ, ಎರೆಯಲ್ಲಿ ನಿಧಾನವಾಗಿ, ಆದರೆ ಆಳೆತ್ತರದವರೆಗೆ. ಬಸಿಗಾಲುವೆ ತೆಗೆದು ನೀರಿನ ಮಟ್ಟ ಇಳಿಸಿದರೆ ದಾರಿ ದೂರವಾಗುತ್ತದೆ. ಮೇಲೆ ಕಬ್ಬಿನ ತರಗು ಹಾಸಿದರೆ, ಇಲ್ಲವೇ ತೆಳುವಾಗಿ ಕುಂಟೆ ಹೊಡೆದು ಮೇಲ್ಮಣ್ಣು ಹೆಂಟೆಯಾಗಿಸಿದರೆ ಸಂದು ದೊಡ್ಡದಾಗಿ ಎಳೆತ ಕಡಿಯುತ್ತದೆ. ಕುಂಟೆಯ ಈ ಉಪಾಯವೇ ಮನೆಯ ನೆಲಕ್ಕೂ ಹೊಂದುತ್ತದೆ, ಮುಂದೆ ಹೇಳುತ್ತೇವೆ.

ಮದ್ದಿಗಿಂತ ಮೊದಲು ರೋಗ ಗೊತ್ತಾಗಬೇಕು. ತೇವ ಕಂಡ ತಕ್ಷಣ ಬುಡದಿಂದ ಏರಿದ್ದೆಂದು ತೀರ್ಮಾನಿಸಬೇಡಿ. ಒಡೆದ ಪೈಪು, ಸೋರುವ ಸೂರು, ಅಡುಗೆಮನೆಯ ಹಬೆ ಇವೂ ಗೋಡೆ ತೋಯಿಸುತ್ತವೆ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕು ಅಂಚಿಗೂ ಟೇಪು ಹಚ್ಚಿ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಹೊರಮೈಯಲ್ಲಿ ಹನಿ ಕೂತರೆ ಅದು ಕೋಣೆಯ ಹಬೆ, ಕಿಟಕಿ ತೆರೆದರೆ ಸಾಕು. ಒಳಮೈಯಲ್ಲಿ ಕೂತರೆ ಗೋಡೆಯೊಳಗಿಂದ ಬಂದದ್ದು. ಇನ್ನೂ ಖಚಿತ ಬೇಕಾದರೆ ಒಂದೇ ಸಾಲಿನಲ್ಲಿ ನೆಲದಿಂದ 10, 50, 100, 150 ಸೆಂ.ಮೀ. ಎತ್ತರದಲ್ಲಿ ಡ್ರಿಲ್ ಹಾಕಿ. ಮೊದಲ ಒಂದು ಸೆಂ.ಮೀ. ಪುಡಿ ಚೆಲ್ಲಿ, ಒಳಗಿನದನ್ನು ಬೇರೆ ಬೇರೆ ಪ್ಲಾಸ್ಟಿಕ್ ಕವರಿನಲ್ಲಿ ತಲಾ 20 ಗ್ರಾಂ ಹಿಡಿದು ಕೂಡಲೇ ಬಿಗಿಯಾಗಿ ಕಟ್ಟಿ. ಡ್ರಿಲ್ ನಿಧಾನಕ್ಕೆ ತಿರುಗಲಿ, ಜೋರಾದರೆ ಬಿಟ್ ಕಾದು ಪುಡಿಯನ್ನು ಅಲ್ಲೇ ಒಣಗಿಸಿಬಿಡುತ್ತದೆ. 0.01 ಗ್ರಾಂ ತೋರುವ ತಕ್ಕಡಿಯಲ್ಲಿ ತೂಗಿ, ಓವನ್ನಿನಲ್ಲಿ 105 ಡಿಗ್ರಿಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ಮತ್ತೆ ತೂಗಿ. ತೇವ ಬುಡದಲ್ಲಿ ಹೆಚ್ಚಿದ್ದು ಮೇಲೆ ಹೋದಂತೆ ಕ್ರಮವಾಗಿ ಇಳಿದರೆ ನೆಲದಿಂದ ಏರಿದ್ದು. ನಡುವೆ ಎಲ್ಲೋ ಹೆಚ್ಚಿದ್ದರೆ ಮೊದಲು ಪ್ಲಂಬರನ್ನು ಕರೆಯಿರಿ. ಗೋಡೆಗೆ ಸಿಕ್ಕಿಸಿದರೆ ತೇವ ಇಳಿಯುತ್ತದೆ ಎಂದು ಪೆಟ್ಟಿಗೆ ಮಾರಲು ಬರುವವರಿಗೂ ಇದೇ ಪರೀಕ್ಷೆ ಒಡ್ಡಿ: ಇವತ್ತಿನ ನಾಲ್ಕು ಅಂಕಿ, ಒಂದು ವರ್ಷ ಬಿಟ್ಟು ಇದೇ ತಿಂಗಳಿನ ನಾಲ್ಕು ಅಂಕಿ, ದುಡ್ಡು ಆಮೇಲೆ.

ನೆಲದಿಂದ ಏರಿದ್ದೇ ಆದರೆ ಕೆಲಸದ ಕ್ರಮ ಹೀಗಿರಲಿ. ತೇವದ ಗೆರೆಗಿಂತ ಒಂದೂವರೆ ಅಡಿ ಮೇಲಿನವರೆಗೆ ಸಿಮೆಂಟು ಗಾರೆ ಪೂರ್ತಿ ತೆಗೆಸಿ. ಉಳಿಯಿಂದ ಮೆಲ್ಲಗೆ ಎಬ್ಬಿಸಿ, ಬ್ರೇಕರ್ ಬೇಡ, ಹಳೆಯ ಇಟ್ಟಿಗೆಯ ಮುಖವೇ ಕಿತ್ತು ಬರುತ್ತದೆ. ಸಂದುಗಳನ್ನು 2 ಸೆಂ.ಮೀ. ಆಳಕ್ಕೆ ಕೆರೆದು ಒಣ ಬ್ರಷ್ಷಿನಿಂದ ಉಜ್ಜಿ, ಉದುರಿದ ಪುಡಿಯನ್ನು ಅಂದೇ ಮನೆಯಾಚೆ ಸಾಗಿಸಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಕ್ಕೆ ಹೋಗುತ್ತದೆ. ಆಮೇಲೆ ಕಾಯಿರಿ. ಒಂದು ಅಂಗುಲ ದಪ್ಪ ಒಣಗಲು ಒಂದು ತಿಂಗಳು ಎಂಬುದು ಕಟ್ಟಡದವರ ಹಳೆಯ ಲೆಕ್ಕ. ಒಂಬತ್ತು ಅಂಗುಲದ ಗೋಡೆಗೆ ಒಂಬತ್ತು ತಿಂಗಳು. ಮನೆಯವರು ಸೋಲುವುದು ಇಲ್ಲೇ, ಹಬ್ಬ ಬಂತು, ಮದುವೆ ಬಂತು ಎಂದು. ಪೂರ್ತಿ ಕಾಯಲಾಗದಿದ್ದರೆ ದೀಪಾವಳಿ ಕಳೆದ ಮೇಲೆ ಗಾರೆ ಕೆತ್ತಿಸಿ ಯುಗಾದಿವರೆಗಾದರೂ ಗೋಡೆ ಬರಿಮೈಯಲ್ಲಿರಲಿ.

ಗಾರೆಗೆ ಕನಿಷ್ಠ ಎರಡು ವಾರ ನೀರಿನಲ್ಲಿ ನೆನೆದ ಸುಣ್ಣದ ಮುದ್ದೆ ಒಂದು ಪಾಲು, ಜರಡಿ ಹಿಡಿದ ಮರಳು ಮೂರು ಪಾಲು. ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು) ಆದರೆ ತೊಳೆದದ್ದಿರಲಿ, ಕಲ್ಲಿನ ಧೂಳು ಉಳಿದಿದ್ದರೆ ಗಾರೆ ಬಿರಿಯುತ್ತದೆ. ಬುಡ ಸದಾ ಒದ್ದೆಯಾಗಿರುವ ಕಡೆ ಬರಿಯ ಸುಣ್ಣ ಗಟ್ಟಿಯಾಗದು, ಅಲ್ಲಿ ಸುಣ್ಣ ಒಂದು, ಸುರ್ಕಿ ಒಂದು, ಮರಳು ಎರಡು. ಸುರ್ಕಿ ಎಂದರೆ ಸುಟ್ಟ ಇಟ್ಟಿಗೆಯ ನುಣುಪು ಪುಡಿ. ನೀರಿನ ನೆರೆಯಲ್ಲೇ ಗಟ್ಟಿಯಾಗುವ ಗುಣ ಅದರದು, ಕೃಷ್ಣರಾಜಸಾಗರದ ಕಟ್ಟೆಯ ಕಲ್ಲುಗಳನ್ನು ಹಿಡಿದು ನಿಲ್ಲಿಸಿರುವುದು ಸುಣ್ಣ ಸುರ್ಕಿಯ ಗಾರೆಯೇ. ಗೋಡೆಗೆ ನೀರು ಚಿಮುಕಿಸಿ ಮೊದಲ ಕೋಟು 10ರಿಂದ 12 ಮಿ.ಮೀ. ಕರಣೆಯಲ್ಲಿ ಒತ್ತಿ ಹಾಕಿ, ಮೈ ಗೀರಿ ಬಿಡಿ. ನಾಲ್ಕೈದು ದಿನ ಒದ್ದೆ ಗೋಣಿ ಇಳಿಬಿಡಬೇಕು. ಹತ್ತು ದಿನ ಕಳೆದು ಎರಡನೇ ಕೋಟು 8 ಮಿ.ಮೀ. ಮರದ ಹಲಗೆಯಲ್ಲಿ ಉಜ್ಜಿ ಮುಗಿಸಿ. ಕಬ್ಬಿಣದ ಕರಣೆಯಲ್ಲಿ ಮಿರಮಿರ ಮಿಂಚುವಂತೆ ಉಜ್ಜಿದರೆ ರಂಧ್ರ ಮುಚ್ಚಿ ಪಟ್ಟ ಪಾಡೆಲ್ಲ ದಂಡ. ಮೇಲೆ ತೆಳುವಾಗಿ ಮೂರು ಸಲ ಸುಣ್ಣ ಬಳಿಯಿರಿ. ಪುಟ್ಟಿ ಬೇಡ, ಪ್ಲಾಸ್ಟರ್ ಆಫ್ ಪ್ಯಾರಿಸ್ ಅಂತೂ ಬೇಡವೇ ಬೇಡ, ಅದು ನೀರಿಗೆ ಮೆತ್ತಗಾಗುವ ವಸ್ತು.

ಈ ಗಾರೆ ಶಾಶ್ವತವಲ್ಲ ಎಂದು ಮನೆಯವರಿಗೆ ಮೊದಲೇ ಹೇಳಿಬಿಡಬೇಕು. ಉಪ್ಪು ತನ್ನ ಮೈಗೆ ಎಳೆದುಕೊಂಡು ಇಟ್ಟಿಗೆಯನ್ನು ಉಳಿಸುವುದೇ ಅದರ ಕೆಲಸ. ಕೆಲವು ವರ್ಷಕ್ಕೆ ಉಪ್ಪು ತುಂಬಿ ಉದುರುತ್ತದೆ, ಕೆರೆದು ಹೊಸದು ಹಾಕಬೇಕು. ಹಿಂದಿನವರು ವರ್ಷಕ್ಕೊಮ್ಮೆ ಸುಣ್ಣ ಬಳಿಸುತ್ತಿದ್ದುದರಲ್ಲಿ ಹಬ್ಬದ ಸಡಗರವಷ್ಟೇ ಇರಲಿಲ್ಲ.

ಏರುವ ನೀರನ್ನೇ ಕಡಿಯಬೇಕೆಂದರೆ ಸಿಲೇನ್, ಸಿಲಾಕ್ಸೇನ್ ಜಾತಿಯ ದ್ರವ ಅಥವಾ ಕ್ರೀಮನ್ನು ಗೋಡೆಯ ಬುಡಕ್ಕೆ ತುಂಬಿಸುವ ಪದ್ಧತಿ ಇದೆ. ಇದರ ಹಿಂದಿರುವುದೂ ಬಾಗಿನ ಲೆಕ್ಕವೇ. ಇದು ರಂಧ್ರ ಮುಚ್ಚುವುದಿಲ್ಲ, ರಂಧ್ರದ ಒಳಮೈಯನ್ನು ಕೆಸುವಿನೆಲೆಯಂತೆ ಮಾಡುತ್ತದೆ. ನೀರು ಅಂಟದೆ ಉಬ್ಬಿ ನಿಂತಾಗ ಬಾಗು ತಿರುಗಿಬೀಳುತ್ತದೆ, ಒತ್ತಡ ಈಗ ನೀರಿನಲ್ಲಿ ಹೆಚ್ಚು, ಎಳೆಯುತ್ತಿದ್ದ ರಂಧ್ರವೇ ನೂಕತೊಡಗುತ್ತದೆ. ಗಾಳಿಗೆ, ಹಬೆಗೆ ಮಾತ್ರ ದಾರಿ ಹಾಗೇ ಉಳಿಯುತ್ತದೆ. ಹೊರಗಿನ ನೆಲಕ್ಕಿಂತ 15 ಸೆಂ.ಮೀ. ಮೇಲಿನ ಗಾರೆಯ ಸಂದಿನಲ್ಲೇ 12 ಮಿ.ಮೀ. ತೂತುಗಳನ್ನು 10ರಿಂದ 12 ಸೆಂ.ಮೀ.ಗೆ ಒಂದರಂತೆ ಕೊರೆದು, ಆಚೆ ಮೈಗೆ ಎರಡು ಮೂರು ಸೆಂ.ಮೀ. ಇರುವಾಗ ನಿಲ್ಲಿಸಿ, ಪುಡಿ ಊದಿ ತೆಗೆದು, ಒಳಗಿನಿಂದ ಹೊರಕ್ಕೆ ತುಂಬಿಸುತ್ತಾ ಬರಬೇಕು. ಇಟ್ಟಿಗೆಗೆ ಕೊರೆದರೆ ಕೆಲಸ ಕೆಟ್ಟಿತು, ಗೋಡೆಯುದ್ದಕ್ಕೂ ಕಡಿಯದೆ ಸಾಗುವುದು ಸಂದಿನ ಗಾರೆ ಮಾತ್ರ. ಕಾಡುಕಲ್ಲು, ಮಣ್ಣು ತುಂಬಿದ ಎರಡಡಿ ದಪ್ಪದ ಗೋಡೆಗೆ ಈ ಖರ್ಚು ಬೇಡ ಎನ್ನುತ್ತೇವೆ. ಒಳಗಿನ ಪೊಳ್ಳುಗಳಿಗೆ ದ್ರವ ಹರಿದುಹೋಗುತ್ತದೆ, ನೀರು ತಡೆಯುವ ಪಟ್ಟಿ ಅಲ್ಲಲ್ಲಿ ಹರಿದಿರುತ್ತದೆ, ನೀರಿಗೆ ಅಷ್ಟು ಸಂದು ಸಾಕು. ಕೆಲಸ ಕೈಗೂಡಿದರೂ ಮೇಲಿರುವ ಉಪ್ಪು ಅಲ್ಲೇ ಇರುವುದರಿಂದ ಸುಣ್ಣದ ಗಾರೆ ತಪ್ಪಿದ್ದಲ್ಲ.

ಹೊಸದಾಗಿ ಕಟ್ಟುವವರಿಗೆ ಇಷ್ಟೆಲ್ಲ ಪಾಡಿಲ್ಲ. ಪ್ಲಿಂತಿನ, ಅಂದರೆ ಗೋಡೆ ಕೂರುವ ಪೀಠದ, ಮೇಲೆ 40 ಮಿ.ಮೀ. ದಪ್ಪದ 1:2:4 (ಸಿಮೆಂಟು, ಮರಳು, ಜಲ್ಲಿ) ಕಾಂಕ್ರೀಟು ಪಟ್ಟಿ, ಅದು ಒಣಗಿದ ಮೇಲೆ ಬಿಸಿ ಬಿಟುಮೆನ್ ಎರಡು ಕೋಟು, ಮುಗಿಯಿತು. ಆದರೆ ಗಾರೆ ಮಾಡುವಾಗ ನೆಲದಿಂದ ಶುರು ಮಾಡಿ ಈ ಪಟ್ಟಿಯ ಮೇಲೂ ಸವರಿಬಿಟ್ಟರೆ ಆ ಗಾರೆಯೇ ಏಣಿ. ಪಟ್ಟಿಯ ಮಟ್ಟದಲ್ಲಿ ಗಾರೆಗೆ ಒಂದು ಗೀರು ಬಿಡಿಸಿ ಕಡಿಯಬೇಕು. ನೆಲಕ್ಕಾದರೆ ಹಾಸುಗಲ್ಲು ಅಥವಾ ಟೈಲ್ಸಿನ ಕೆಳಗಿನ ಕಾಂಕ್ರೀಟಿಗೂ ಕೆಳಗೆ 20 ಮಿ.ಮೀ. ಜಲ್ಲಿಯ ನಾಲ್ಕು ಅಂಗುಲದ ಪದರ ಹಾಕಿ. ಆಗ ಹೇಳಿದ ಕುಂಟೆಯ ಉಪಾಯ ಇದೇ: ಜಲ್ಲಿಯ ನಡುವಿನ ಸಂದು ಮೂರು ಮಿ.ಮೀ. ತ್ರಿಜ್ಯದ್ದಾದರೆ ನೀರು ಏರುವುದು ಬರೀ 5 ಮಿ.ಮೀ. ತೊಳೆದ ಜಲ್ಲಿಯೇ ಆಗಬೇಕು. ಲಾರಿಯಿಂದ ಸುರಿದದ್ದನ್ನು ಧೂಳಿನ ಸಮೇತ ಹರಡಿದರೆ ಧೂಳು ಸಂದಿಗಿಳಿದು ಕೂರುತ್ತದೆ, ನೀರಿಗೆ ಮತ್ತೆ ಕೂದಲಿನಷ್ಟು ಸಣ್ಣ ಕೊಳವೆ ಸಿಕ್ಕಿತು. ಜಲ್ಲಿಯ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿಯೇ ಕಾಂಕ್ರೀಟು ಸುರಿಯಿರಿ, ಇಲ್ಲದಿದ್ದರೆ ಕಾಂಕ್ರೀಟಿನ ಹಾಲು ಇಳಿದು ಅದೇ ಸಂದು ಕಟ್ಟುತ್ತದೆ.

ಕೊನೆಯದಾಗಿ ರಸ್ತೆಯ ವಿಷಯ. ಇದು ಮನೆಯವರ ಕೈಯಲ್ಲಿಲ್ಲದ್ದು, ಈ ಪತ್ರ ಬರೆಯಲು ಅರ್ಧ ಕಾರಣವೂ ಹೌದು. ಹಳೆಯ ಬಡಾವಣೆಗಳಲ್ಲಿ ಡಾಂಬರಿನ ಮೇಲೆ ಡಾಂಬರು ಹಾಕಿ, ಅದರ ಮೇಲೆ ಕಾಂಕ್ರೀಟು ಹಾಕಿ, ಒಂದು ಕಾಲಕ್ಕೆ ಎರಡು ಮೆಟ್ಟಿಲು ಹತ್ತಿ ಹೋಗಬೇಕಿದ್ದ ಜಗಲಿಗೆ ಈಗ ರಸ್ತೆಯಿಂದ ನೇರ ಕಾಲಿಡಬಹುದಾಗಿದೆ. ಪ್ರತಿ ಸಲ 5 ಸೆಂ.ಮೀ. ಏರಿಸಿದರೆ ನಾಲ್ಕು ಸಲಕ್ಕೆ 20. ಹಿಂದೆ ಪ್ಲಿಂತಿನ ಚಪ್ಪಡಿ ಕಲ್ಲಿನ ಸಾಲಿನಲ್ಲೇ ನಿಂತುಹೋಗುತ್ತಿದ್ದ ನೀರು ಈಗ ನೇರ ಇಟ್ಟಿಗೆಗೆ ಸಿಗುತ್ತಿದೆ. ಕಲ್ಲಿನ ಮೈಯಲ್ಲಿ ರಂಧ್ರ ಕಡಿಮೆ, ಇಟ್ಟಿಗೆಯಲ್ಲಿ ಹೇರಳ. ಮನೆಯವರು ಎಷ್ಟೇ ಸುಣ್ಣದ ಗಾರೆ ಮಾಡಿಸಿದರೂ ಸೇದುಬಾಯಿಗೆ ನೀರು ಸುರಿಯುತ್ತಲೇ ಇದ್ದರೆ ಏನು ಉಪಯೋಗ? ಹಳೆಯ ಡಾಂಬರನ್ನು ಯಂತ್ರದಲ್ಲಿ ಕೆರೆದು ತೆಗೆದು ಅಷ್ಟೇ ದಪ್ಪ ಹೊಸದು ಹಾಕುವ ಪದ್ಧತಿ ಇದೆ, ಯಂತ್ರಗಳೂ ಇವೆ. ಹಳೆಯ ಮನೆಗಳಿರುವ ಬೀದಿಗಳ ಟೆಂಡರಿನಲ್ಲಿ ಕೆರೆಯುವ ಕೆಲಸವನ್ನು ಬೇರೆ ಬಾಬ್ತಾಗಿ ಸೇರಿಸಬೇಕು. ಮುಗಿದ ರಸ್ತೆಯ ಅಂಚು ಮನೆಗಳ ಇಟ್ಟಿಗೆ ಶುರುವಾಗುವ ಮಟ್ಟಕ್ಕಿಂತ ಕನಿಷ್ಠ 15 ಸೆಂ.ಮೀ. ಕೆಳಗಿರಬೇಕೆಂದು ಬರೆಯಬೇಕು. ಬಿಲ್ಲು ಪಾಸು ಮಾಡುವ ಮುನ್ನ ಎಂಜಿನಿಯರು ಟೇಪು ಹಿಡಿದು ಅದನ್ನು ಅಳೆದು ಎಂ.ಬಿ. (ಕಾಮಗಾರಿಯ ಅಳತೆ ಬರೆಯುವ) ಪುಸ್ತಕದಲ್ಲಿ ನಮೂದಿಸಬೇಕು. ಈಗಾಗಲೇ ರಸ್ತೆ ಏರಿರುವ ಕಡೆ ಗೋಡೆಗೂ ರಸ್ತೆಗೂ ನಡುವೆ ಒಂದು ಅಡಿ ಅಗಲದ ಪಟ್ಟಿ ಅಗೆದು, ಇಟ್ಟಿಗೆಯ ಮಟ್ಟಕ್ಕಿಂತ ಕೆಳಗಿನವರೆಗೆ ಮಣ್ಣು ತೆಗೆದು, ತೊಳೆದ ಜಲ್ಲಿ ತುಂಬಿ, ತಳದ ನೀರನ್ನು ಚರಂಡಿಗೆ ಬಿಡಲು ಅವಕಾಶ ಕೊಟ್ಟರೂ ಸಾಕು. ಖರ್ಚನ್ನು ಮನೆಯವರೇ ಹಾಕಿಕೊಂಡಾರು.

ಇಂತಿ,
ಕಟ್ಟಡ ದುರಸ್ತಿ ಕೆಲಸದವರು ಮತ್ತು ಭೌತಶಾಸ್ತ್ರ ಬೋಧಕರು,
ಮೈಸೂರು